ಹೊಸ ವಾಹನಕ್ಕೆ ಹೊರಗಿನ ಜೋಡಣೆ: ವಾರಂಟಿ ಉಳಿಸಿಕೊಳ್ಳುವ ಬಗೆ

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ನಮ್ಮ ಕರಾವಳಿಯ ಅನೇಕ ಬೇಸಾಯಗಾರರು ಮಂಗಳೂರು ಪೇಟೆಗೆ ಬಂದು ಕಾರನ್ನೋ ಸಣ್ಣ ಪಿಕಪ್ ವಾಹನವನ್ನೋ ಕೊಳ್ಳುತ್ತಾರೆ. ಹಾಗೆ ಕೊಂಡ ವಾಹನ ನೇರವಾಗಿ ಮನೆಯ ಅಂಗಳಕ್ಕೆ ಬರುವುದು ಅಪರೂಪ. ದಾರಿಯಲ್ಲಿ ಬಿಡಿಭಾಗಗಳ ಅಂಗಡಿಯೊಂದರ ಮುಂದೆ ಅರ್ಧ ದಿನ ನಿಲ್ಲುತ್ತದೆ. ಘಾಟಿಯ ಮಂಜಿಗೆಂದು ಎರಡು ದೀಪ, ತಿರುವಿನಲ್ಲಿ ಕೇಳಿಸಲೆಂದು ದೊಡ್ಡ ಹಾರನ್, ತೋಟದ ದಾರಿಗೆಂದು ದಪ್ಪ ಟೈರು, ಗೊಬ್ಬರದ ಮೂಟೆ ಹೊರಲೆಂದು ಹಿಂಬದಿಗೆ ಇನ್ನೊಂದು ಪಟ್ಟಿ ಸ್ಪ್ರಿಂಗು, ಹೀಗೆ ಒಂದೊಂದಾಗಿ ಕೂಡಿಸಲಾಗುತ್ತದೆ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯುಕ್ತ, ಕೆಲವು ಬರಿಯ ಶೋಕಿ. ಆದರೆ ಕಂಪನಿಯು ಕೊಟ್ಟ ವಾರಂಟಿಯ ಮೇಲೆ ಇವುಗಳ ಪರಿಣಾಮವೇನು ಎಂಬುದನ್ನು ಯೋಚಿಸುವವರು ಕಡಿಮೆ.

ಬೇಸಾಯಶಾಸ್ತ್ರದವನಿಗೆ ಮೋಟಾರು ವಾಹನದ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಬೀಜ, ಗೊಬ್ಬರ, ಔಷಧಿಗಳಂತೆ ವಾಹನವೂ ಇಂದು ಬೇಸಾಯದ ಖರ್ಚಿನ ಒಂದು ಬಾಬು. ಅದೂ ಸಾಲದಿಂದ ಕೊಂಡ ದೊಡ್ಡ ಬಾಬು. ತರಬೇತಿ ಶಿಬಿರಗಳಲ್ಲಿ ಸುಣ್ಣ, ಪೊಟ್ಯಾಷ್‌ಗಳ ಪ್ರಶ್ನೆ ಮುಗಿದ ಮೇಲೆ ಊಟದ ಹೊತ್ತಿಗೆ ಈ ವಿಷಯ ಬಾರದೆ ಇರುವುದಿಲ್ಲ. ಆದುದರಿಂದ ತಿಳಿದವರನ್ನು ಕೇಳಿ, ಕಾಯ್ದೆಗಳನ್ನು ಓದಿ, ಸ್ವಂತ ಅನುಭವವನ್ನೂ ಕೂಡಿಸಿ ಈ ಲೇಖನವನ್ನು ಬರೆದಿದ್ದೇನೆ.

ಎರಡು ಅನುಭವಗಳು

ನಮ್ಮ ಶಿಬಿರಕ್ಕೆ ಬರುತ್ತಿದ್ದ ಬೆಳ್ತಂಗಡಿ ಕಡೆಯ ರೈತರೊಬ್ಬರು ಹೊಸ ಪಿಕಪ್‌ಗೆ ಹಿಂಬದಿಯಲ್ಲಿ ಎರಡು ಹೆಚ್ಚುವರಿ ಪಟ್ಟಿ ಸ್ಪ್ರಿಂಗು ಹಾಕಿಸಿದ್ದರು. ಹದಿನಾಲ್ಕನೆಯ ತಿಂಗಳಿನಲ್ಲಿ ಹಿಂದಿನ ಆಕ್ಸಲ್‌ನಿಂದ ಗೊರಗೊರ ಶಬ್ದ ಬರತೊಡಗಿತು. ಅದೇ ವಾರ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್‌ನೇಟರ್ ಕೂಡ ಕೆಟ್ಟಿತು. ಸರ್ವಿಸ್ ಕೇಂದ್ರದವರು ಸ್ಪ್ರಿಂಗನ್ನು ನೋಡಿದೊಡನೆ, "ಇದಕ್ಕೆ ವಾರಂಟಿ ಇಲ್ಲ ಮಾರಾಯ್ರೆ, ಮಾಡಿಫಿಕೇಶನ್ ಆಗಿದೆ" ಎಂದರು. ಇವರು ಮರುಮಾತಾಡದೆ ಎರಡಕ್ಕೂ ಹಣ ಕಟ್ಟಿ ಬಂದರು. ಆಕ್ಸಲ್‌ನ ವಿಷಯದಲ್ಲಿ ಕೇಂದ್ರದವರ ಮಾತು ಬಹುಮಟ್ಟಿಗೆ ಸರಿ. ಆದರೆ ಹಿಂಬದಿಯ ಸ್ಪ್ರಿಂಗಿಗೂ ಎಂಜಿನ್ನಿನ ಪಕ್ಕದಲ್ಲಿರುವ ಆಲ್ಟರ್‌ನೇಟರ್‌ಗೂ ಏನು ಸಂಬಂಧ? ಆ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಕೇಳಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ಎರಡನೆಯದು ನನ್ನದೇ ತಪ್ಪು. ಹೊಸ ಕಾರಿಗೆ ಪೇಟೆಯಲ್ಲಿ ಮಂಜಿನ ದೀಪ ಹಾಕಿಸಿದೆ. ಹುಡುಗನು ಮೂಲ ವೈರನ್ನು ಕತ್ತರಿಸಿ, ಹೊಸ ವೈರನ್ನು ತಿರುಚಿ, ಟೇಪು ಸುತ್ತಿ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿದನು. ಆ ವರ್ಷದ ಜುಲೈ ಮಳೆಯಲ್ಲಿ ದೀಪದ ಸ್ವಿಚ್ಚಿನ ಕನೆಕ್ಟರ್ ಕರಗಿತು. ಅದೇ ಸಮಯಕ್ಕೆ ಹವಾನಿಯಂತ್ರಣದ ಕಂಪ್ರೆಸರ್ ಸೋರತೊಡಗಿತ್ತು. ಸರ್ವಿಸ್ ಕೇಂದ್ರದಲ್ಲಿ ಎರಡನ್ನೂ ನಿರಾಕರಿಸಿದರು. "ವೈರಿಂಗ್ ನನ್ನ ತಪ್ಪು, ಒಪ್ಪಿದೆ. ಕಂಪ್ರೆಸರ್ ಸೋರಿಕೆಗೆ ದೀಪ ಹೇಗೆ ಕಾರಣವೆಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದು ಕೊಡಿ" ಎಂದು ಕೇಳಿದೆ. ಮೇಲ್ವಿಚಾರಕರು ಒಳಗೆ ಹೋಗಿ ಬಂದರು. ಮೂರು ದಿನಗಳ ನಂತರ ಕಂಪ್ರೆಸರನ್ನು ವಾರಂಟಿಯಲ್ಲಿ ಬದಲಾಯಿಸಿ ಕೊಟ್ಟರು. ವೈರಿಂಗಿನ ಹಣವನ್ನು ನಾನು ಕಟ್ಟಿದೆ, ಕಟ್ಟಬೇಕಾದದ್ದೇ.

ಈ ಎರಡು ಪ್ರಸಂಗಗಳ ನಡುವಿನ ವ್ಯತ್ಯಾಸವೇ ಈ ಲೇಖನದ ಸಾರ. ಹೊರಗಿನ ಜೋಡಣೆ ಮಾಡಿಸಿದ ಮಾತ್ರಕ್ಕೆ ಇಡೀ ವಾಹನದ ವಾರಂಟಿ ಹೋಗಬೇಕಾಗಿಲ್ಲ. ಆ ಜೋಡಣೆಯು ತಟ್ಟಿದ ಭಾಗದ ವಾರಂಟಿ ಮಾತ್ರ ಖಂಡಿತವಾಗಿ ಅಪಾಯಕ್ಕೆ ಸಿಲುಕುತ್ತದೆ.

ವಾರಂಟಿ ಎಂದರೇನು?

ವಾರಂಟಿಯೆಂದರೆ ತಯಾರಿಕೆಯಲ್ಲಿ ಆದ ದೋಷಕ್ಕೆ ತಯಾರಕನು ಹೊರುವ ಹೊಣೆ. ಲೋಹ ಕೆಟ್ಟದ್ದಾಗಿದ್ದರೆ, ಜೋಡಿಸುವಾಗ ತಪ್ಪಾಗಿದ್ದರೆ, ಆ ಭಾಗವನ್ನು ಆತನು ದುರಸ್ತಿ ಮಾಡಿ ಅಥವಾ ಬದಲಾಯಿಸಿ ಕೊಡುತ್ತಾನೆ. ಅದಕ್ಕೆ ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು ಎಂಬ ಮಿತಿ ಇರುತ್ತದೆ. ಬಳಕೆಯಿಂದ ಸವೆಯುವ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ರಬ್ಬರ್, ಫಿಲ್ಟರ್, ಬಲ್ಬು ಮುಂತಾದವು ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ. ಟೈರು ಮತ್ತು ಬ್ಯಾಟರಿಗಳಿಗೆ ಅವುಗಳನ್ನು ತಯಾರಿಸಿದವರೇ ಬೇರೆ ವಾರಂಟಿ ಕೊಡುತ್ತಾರೆ. ಹಣ ಕೊಟ್ಟು ಮುಂದುವರಿಸಿಕೊಂಡ ವಾರಂಟಿಯು ಬೇರೆಯೇ ಒಪ್ಪಂದ. ಅದರ ಷರತ್ತುಗಳು ಅನೇಕ ವೇಳೆ ಮೊದಲಿನದಕ್ಕಿಂತ ಬಿಗಿಯಾಗಿರುತ್ತವೆ.

ಇದನ್ನು ಬೀಜದ ಚೀಲಕ್ಕೆ ಹೋಲಿಸಿ ನೋಡಿರಿ. ಚೀಲದ ಚೀಟಿಯಲ್ಲಿ ಮೊಳೆಯುವ ಪ್ರಮಾಣ ನಮೂದಾಗಿರುತ್ತದೆ. ಅಷ್ಟು ಮೊಳೆಯದಿದ್ದರೆ ಮಾರಿದವರನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಬೀಜವನ್ನು ಒದ್ದೆ ನೆಲದಲ್ಲಿ ಎರಡು ತಿಂಗಳು ಇಟ್ಟು ಬಿತ್ತಿದರೆ ಆ ಹಕ್ಕು ಉಳಿಯದು. ಚೀಟಿ ಮತ್ತು ರಸೀದಿಗಳನ್ನು ಎಸೆದಿದ್ದರೆ ಹಕ್ಕು ಇದ್ದೂ ಇಲ್ಲದಂತೆ. ವಾಹನದ ವಾರಂಟಿಯ ನಡವಳಿಕೆಯೂ ಹೀಗೆಯೇ.

ಎಲ್ಲ ವಾರಂಟಿಯೂ ಒಮ್ಮೆಗೇ ಹೋಗುತ್ತದೆಯೆ?

ಅಡಿಕೆ ಮರದ ಸೋಗೆ ಹಳದಿಯಾದೊಡನೆ ಹಳದಿ ಎಲೆ ರೋಗವೆಂದು ತೀರ್ಮಾನಿಸುವವರಿದ್ದಾರೆ. ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ, ಪೋಷಕಾಂಶದ ಕೊರತೆಯಿಂದಲೂ ಆಗುತ್ತದೆ. ಕಾರಣವನ್ನು ಪರೀಕ್ಷಿಸದೆ ಹೆಸರಿಡಬಾರದು. ಅದೇ ರೀತಿ ವಾಹನದಲ್ಲಿ ಒಂದು ಹೊರಗಿನ ಭಾಗ ಕಂಡಿತೆಂದು ಎಲ್ಲ ದೋಷಕ್ಕೂ ಅದನ್ನೇ ಕಾರಣ ಮಾಡುವುದು ನ್ಯಾಯವಲ್ಲ.

ಈ ತತ್ತ್ವಕ್ಕೆ ನಮ್ಮ ದೇಶದಲ್ಲಿ ಒಂದು ಮುಖ್ಯ ಆಧಾರವಿದೆ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗವು 14 ಕಾರು ತಯಾರಿಕಾ ಕಂಪನಿಗಳ ವಿರುದ್ಧ ಆದೇಶ ನೀಡಿ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಅಲ್ಲಿನ ಮುಖ್ಯ ಆಕ್ಷೇಪ. ವಾರಂಟಿಯ ಬಗ್ಗೆಯೂ ಆಯೋಗ ಸ್ಪಷ್ಟವಾಗಿ ಹೇಳಿತು. ಹೊರಗಿನ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಕೂಡದು. ತಪ್ಪು ದುರಸ್ತಿಯಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರಮಟ್ಟಿಗೆ ಮಾತ್ರ ನಿರಾಕರಿಸಬಹುದು. ಈ ಆದೇಶದ ಮೇಲೆ ಕಂಪನಿಗಳು ಮೇಲ್ಮನವಿ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಮೂರು ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು ದಂಡವನ್ನು ಇಳಿಸಿತು.

ಈ ಆದೇಶವು ಕಾರಿನ ದುರಸ್ತಿಗೆ ಸಂಬಂಧಿಸಿದ್ದೇ ಹೊರತು ಮಾರ್ಪಾಡಿಗೆ ನೇರವಾಗಿ ಸಂಬಂಧಿಸಿದ್ದಲ್ಲ ಎಂಬುದನ್ನೂ ಮನಗಾಣಬೇಕು. ಆದರೆ ಅದರ ಹಿಂದಿನ ತರ್ಕ, ಅಂದರೆ ಕಾರಣ ಎಷ್ಟೋ ನಿರಾಕರಣೆ ಅಷ್ಟು ಎಂಬುದು, ನಿಮ್ಮ ವಾದಕ್ಕೂ ಬಲ ಕೊಡುತ್ತದೆ. ಅಮೆರಿಕದಲ್ಲಿ 1975ರ ವಾರಂಟಿ ಕಾಯ್ದೆಯು ತನ್ನ ಹೆಸರಿನ ಬಿಡಿಭಾಗವನ್ನೇ ಬಳಸಬೇಕೆಂದು ತಯಾರಕನು ವಾರಂಟಿಗೆ ಗಂಟುಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ನಮ್ಮಲ್ಲಿ ಅಂತಹ ಪ್ರತ್ಯೇಕ ಕಾಯ್ದೆ ಇಲ್ಲ. ಆದುದರಿಂದ ವಾರಂಟಿ ಪುಸ್ತಕದ ಷರತ್ತು, ಗ್ರಾಹಕ ಕಾಯ್ದೆ ಮತ್ತು ನಿಮ್ಮ ಕೈಯಲ್ಲಿರುವ ಕಾಗದಪತ್ರ, ಈ ಮೂರರ ಮೇಲೆಯೇ ನಿಲ್ಲಬೇಕಾಗುತ್ತದೆ.

ಯಾವ ಜೋಡಣೆ ಯಾವ ಭಾಗಕ್ಕೆ ತಟ್ಟುತ್ತದೆ?

1. ದೀಪ, ಹಾರನ್ ಮತ್ತು ವೈರಿಂಗ್: ನಮ್ಮ ಭಾಗದಲ್ಲಿ ಅತಿ ಹೆಚ್ಚು ತಕರಾರು ಬರುವುದು ಇಲ್ಲಿ. ಲೆಕ್ಕ ಹೀಗಿದೆ. 12 ವೋಲ್ಟಿನ ವಾಹನದಲ್ಲಿ 60 ವ್ಯಾಟಿನ ಬಲ್ಬು 5 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಅದರ ಬದಲು 100 ವ್ಯಾಟಿನ ಬಲ್ಬು ಹಾಕಿದರೆ 8.3 ಆಂಪಿಯರ್ ಬೇಕು. ವೈರಿನಲ್ಲಿ ಹುಟ್ಟುವ ಶಾಖವು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ವೈರಿನಲ್ಲಿ ಶಾಖ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಮೊದಲು ಕನೆಕ್ಟರ್ ಕಂದುಬಣ್ಣಕ್ಕೆ ತಿರುಗಿ, ಅನಂತರ ಕರಗುತ್ತದೆ. ಫ್ಯೂಸ್ ಹಾರಿತೆಂದು ದೊಡ್ಡ ಫ್ಯೂಸ್ ಹಾಕಿದರೆ ಬೆಂಕಿಯನ್ನೇ ಕರೆದಂತೆ.

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೊತೆಗೆ ಕಡಲಿನ ಉಪ್ಪುಗಾಳಿ. ತಿರುಚಿ ಟೇಪು ಸುತ್ತಿದ ಜೋಡಣೆಯೊಳಗೆ ತೇವ ಸೇರಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯಲು ಒಂದು ಮಳೆಗಾಲ ಸಾಕು. ಇಂದಿನ ವಾಹನಗಳಲ್ಲಿ ದೀಪ, ಕಿಟಕಿ, ಬೀಗಗಳನ್ನು ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ನಡೆಸುತ್ತದೆ. ಅದರ ವೈರಿಗೆ ಕತ್ತರಿ ಬಿದ್ದರೆ ಇಡೀ ವಿದ್ಯುತ್ ವ್ಯವಸ್ಥೆಯ ವಾರಂಟಿ ನಿರಾಕರಣೆಗೆ ಕಾರಣ ಸಿಕ್ಕಂತಾಗುತ್ತದೆ. ದೀಪ ಬೇಕೇ ಬೇಕೆಂದಾದರೆ ಮೂಲ ವೈರನ್ನು ಕತ್ತರಿಸದೆ, ಸಿದ್ಧ ಕನೆಕ್ಟರ್ ಇರುವ ಪ್ರತ್ಯೇಕ ವೈರಿನ ಕಟ್ಟು, ರಿಲೇ ಮತ್ತು ಬೇರೆ ಫ್ಯೂಸ್ ಸಹಿತ ಹಾಕಿಸಿರಿ.

ಅಡಿಕೆ ಅಂಗಳದ ಪಕ್ಕ ನಿಲ್ಲಿಸಿದ ವಾಹನದ ವೈರನ್ನು ಇಲಿ ಕಡಿಯುವುದೂ ಉಂಟು. ಇದು ತಯಾರಿಕೆಯ ದೋಷವಲ್ಲ. ವಾರಂಟಿಯ ಬದಲು ವಿಮೆಯ ಪತ್ರವನ್ನು ನೋಡಬೇಕು. ಕಡಿದ ವೈರನ್ನು ಊರಿನಲ್ಲಿ ಟೇಪು ಸುತ್ತಿ ಓಡಿಸಿದರೆ ಮುಂದಿನ ವಿದ್ಯುತ್ ದೋಷಗಳಿಗೂ ಅದೇ ಕಾರಣವಾಗಿ ತೋರುತ್ತದೆ.

2. ದೊಡ್ಡ ಟೈರು: ಟೈರಿನ ಮೇಲಿರುವ ಅಂಕಿಗಳನ್ನು ಓದಲು ಕಲಿಯಿರಿ. 165/80 ಆರ್ 14 ಎಂದರೆ ಅಗಲ 165 ಮಿ.ಮೀ., ಬದಿಯ ಎತ್ತರ ಅಗಲದ ಶೇಕಡ 80, ಗಾಲಿಯ ವ್ಯಾಸ 14 ಅಂಗುಲ. ಇದರ ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಇದಕ್ಕೆ ಬದಲು 195/75 ಆರ್ 14 ಹಾಕಿದರೆ ವ್ಯಾಸ ಸುಮಾರು 648 ಮಿ.ಮೀ. ಆಗುತ್ತದೆ, ಅಂದರೆ ಶೇಕಡ 4.6 ಹೆಚ್ಚು. ಆಗ ಮೀಟರು ಮೊದಲಿಗಿಂತ ಕಡಿಮೆ ವೇಗವನ್ನೂ ಕಡಿಮೆ ದೂರವನ್ನೂ ತೋರಿಸುತ್ತದೆ. ಗಾಲಿಯ ಬೇರಿಂಗ್, ಸ್ಟೀರಿಂಗ್ ಜೋಡಣೆ, ಆಘಾತ ತಡೆಯುವ ಷಾಕ್ ಅಬ್ಸಾರ್ಬರ್ ಮತ್ತು ಕ್ಲಚ್‌ಗಳ ಮೇಲೆ ಹೊರೆ ಬೀಳುತ್ತದೆ. ಈ ಭಾಗಗಳು ಕೆಟ್ಟರೆ ಕಂಪನಿ ಕೈತೊಳೆದುಕೊಳ್ಳಲು ಅವಕಾಶವಾಗುತ್ತದೆ. ಹೆಚ್ಚು ಬೆಲೆಯ ಮಾದರಿಯ ವಾಹನಕ್ಕೆ ಕಂಪನಿಯೇ ಹಾಕುವ ಅಳತೆಯ ಟೈರು ನಿಮ್ಮ ವಾಹನಕ್ಕೂ ಒಪ್ಪಿತವೇ ಎಂದು ಮೊದಲು ಕೇಳಿರಿ.

3. ಪಟ್ಟಿ ಸ್ಪ್ರಿಂಗು ಮತ್ತು ಹೆಚ್ಚು ಹೊರೆ: ಸ್ಪ್ರಿಂಗು ಬಲಪಡಿಸಿದರೆ ವಾಹನ ಕುಗ್ಗುವುದು ನಿಲ್ಲುತ್ತದೆ. ಆದರೆ ಹೊರೆ ಮಾಯವಾಗುವುದಿಲ್ಲ. ಅದು ಆಕ್ಸಲ್, ಬೇರಿಂಗ್ ಮತ್ತು ಚಾಸಿಗೆ ಹೋಗುತ್ತದೆ. ಕೆಂಪುಕಲ್ಲು ಅಥವಾ ತೆಂಗಿನಕಾಯಿಯನ್ನು ಮಿತಿಮೀರಿ ಹೇರಿದ ವಾಹನದಲ್ಲಿ ಬಿರುಕು ಎಲ್ಲಿ ಬಿಡುತ್ತದೆ ಎಂಬುದನ್ನು ಕಂಪನಿಯ ಪರಿಶೀಲಕರು ಚೆನ್ನಾಗಿ ಬಲ್ಲರು. ಇದಲ್ಲದೆ ಮಿತಿಮೀರಿದ ಹೊರೆಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಗೊತ್ತುಪಡಿಸಿತು.

4. ಎಂಜಿನ್ ಕಂಪ್ಯೂಟರಿನ ತಿದ್ದುಪಡಿ: ಇಂಧನ ಮತ್ತು ಟರ್ಬೊ ಒತ್ತಡವನ್ನು ಹೆಚ್ಚಿಸಿ "ಪಿಕಪ್ ಏರಿಸಿ ಕೊಡುತ್ತೇವೆ" ಎನ್ನುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯಕರ. ಹೆಚ್ಚಿದ ಬಲವು ಪಿಸ್ಟನ್, ಟರ್ಬೊ, ಕ್ಲಚ್, ಗೇರುಪೆಟ್ಟಿಗೆ, ಆಕ್ಸಲ್ ಎಲ್ಲವನ್ನೂ ಹಾಯ್ದು ಹೋಗುವುದರಿಂದ ಈ ಇಡೀ ಸಾಲಿನ ವಾರಂಟಿಯನ್ನು ನಿರಾಕರಿಸಲು ಕಂಪನಿಗೆ ನಿಜವಾದ ಕಾರಣ ಇರುತ್ತದೆ. ಮತ್ತೆ ಮೊದಲಿನಂತೆ ಮಾಡಿಸಿದರೂ ಅನೇಕ ವಾಹನಗಳಲ್ಲಿ ಅದರ ಗುರುತು ಉಳಿಯುತ್ತದೆ. ಇದನ್ನು ಮಾಡಿಸಲೇಕೂಡದು.

5. ಗ್ಯಾಸ್ ಕಿಟ್: ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲ ಕೊಳವೆ ಮಾರ್ಗವು 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಆ ಬಳಿಕ ನಮ್ಮ ಜಿಲ್ಲೆಯಲ್ಲಿಯೂ ಸಿಎನ್‌ಜಿಯ ಕಡೆಗೆ ಒಲವು ಹೆಚ್ಚಿದೆ. ಪೆಟ್ರೋಲ್ ಕಾರಿಗೆ ಹೊರಗಿನಿಂದ ಗ್ಯಾಸ್ ಕಿಟ್ ಹಾಕಿಸಿದರೆ ಎಂಜಿನ್, ಇಂಧನ ವ್ಯವಸ್ಥೆ ಮತ್ತು ವೈರಿಂಗ್ ಮೂರೂ ತಟ್ಟಲ್ಪಡುತ್ತವೆ. ಗ್ಯಾಸ್‌ಗೆಂದೇ ತಯಾರಾಗದ ಎಂಜಿನ್ನಿನಲ್ಲಿ ವಾಲ್ವು ಮತ್ತು ಅದರ ಪೀಠ ಬೇಗ ಸವೆಯುವುದುಂಟು. ವಾರಂಟಿಯ ಅವಧಿ ಮುಗಿಯುವವರೆಗೆ ಕಾಯುವುದು, ಇಲ್ಲವೆ ಕಾರ್ಖಾನೆಯಲ್ಲಿಯೇ ಗ್ಯಾಸ್ ಅಳವಡಿಸಿದ ವಾಹನ ಕೊಳ್ಳುವುದು ಲೇಸು. ಹಾಕಿಸುವುದೇ ಆದರೆ ಅನುಮೋದಿತ ಕಿಟ್ಟನ್ನು ಅಧಿಕೃತರಿಂದಲೇ ಹಾಕಿಸಿ, ನೋಂದಣಿ ಪತ್ರದಲ್ಲಿ ನಮೂದು ಮಾಡಿಸತಕ್ಕದ್ದು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಬೇಕು.

6. ತುಕ್ಕು ತಡೆಯುವ ಲೇಪ: ಕಡಲತೀರದ ನಮಗೆ ಇದು ಒಳ್ಳೆಯದೇ. ಆದರೆ ಅವಸರದಲ್ಲಿ ಬಳಿಯುವವರು ಬಾಗಿಲಿನ ಅಡಿಯಲ್ಲಿ ನೀರು ಬಸಿಯಲೆಂದು ಬಿಟ್ಟಿರುವ ತೂತುಗಳನ್ನೂ ಮುಚ್ಚಿಬಿಡುತ್ತಾರೆ. ಬಸಿಗಾಲುವೆ ಕಟ್ಟಿಕೊಂಡ ತೋಟದಂತೆ ನೀರು ಒಳಗೇ ನಿಂತು ತುಕ್ಕು ಹೆಚ್ಚುತ್ತದೆ. ತುಕ್ಕಿಗೆ ಕಂಪನಿ ಪ್ರತ್ಯೇಕ ವಾರಂಟಿ ಕೊಟ್ಟಿದ್ದರೆ ಅದೂ ಕೈತಪ್ಪಬಹುದು.

7. ಮುಂಬದಿಯ ಕಬ್ಬಿಣದ ಗಾರ್ಡು ಮತ್ತು ಸೀಟಿನ ಕವರು: ಢಿಕ್ಕಿಯ ಪೆಟ್ಟು ಗಾಳಿಚೀಲದ ಸಂವೇದಕಕ್ಕೆ ಸರಿಯಾಗಿ ತಲುಪದಂತೆ ಈ ಗಾರ್ಡು ಅಡ್ಡಿಪಡಿಸಬಹುದು. ಪಾದಚಾರಿಗಳಿಗೂ ಇದು ಮಾರಕ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಇಂತಹ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳುವ ಗಾಳಿಚೀಲವಿದ್ದರೆ ಅದಕ್ಕೆ ಹೊಂದುವ ಕವರನ್ನೇ ಹಾಕಬೇಕು.

8. ಕಾಲಡಿಯ ಹಾಸು, ಮಡ್‌ಫ್ಲ್ಯಾಪ್, ಮಳೆಯ ತಡೆ ಮುಂತಾದವು: ಇವುಗಳಿಂದ ವಾರಂಟಿಗೆ ಬಾಧೆ ಇಲ್ಲ. ಹಾಸು ಮಾತ್ರ ಪೆಡಲಿನ ಅಡಿಗೆ ಜಾರದಂತಿರಲಿ.

ತೋಟದ ಯಂತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪವರ್ ಟಿಲ್ಲರಿಗೆ ಕಬ್ಬಿಣದ ಪಂಜರ ಗಾಲಿ ಹಾಕುವುದು ಕೆಸರುಗದ್ದೆಯ ಮಾಮೂಲು ಬಳಕೆ. ಆದರೆ ವೇಗ ಹೆಚ್ಚಲೆಂದು ಗವರ್ನರ್ ತಿರುಪನ್ನು ತಿರುಗಿಸಿದರೆ ಎಂಜಿನ್ನಿನ ವಾರಂಟಿ ನಿಮ್ಮ ಕೈಯಿಂದಲೇ ಹೋದಂತೆ. ಕಳೆ ಕೊಚ್ಚುವ ಯಂತ್ರದ ಪೆಟ್ರೋಲಿಗೆ ಪುಸ್ತಕದಲ್ಲಿ ಹೇಳಿದ ಅಳತೆಯಲ್ಲಿಯೇ ಎಣ್ಣೆ ಬೆರೆಸಿರಿ.

ವಾರಂಟಿ ಬೇರೆ, ಕಾನೂನು ಬೇರೆ, ವಿಮೆ ಬೇರೆ

ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ನಷ್ಟವಾಗುತ್ತದೆ. ವಾರಂಟಿಗೆ ಬಾಧೆ ಇಲ್ಲದ ಜೋಡಣೆ ಕಾನೂನಿಗೆ ವಿರುದ್ಧವಾಗಿರಬಹುದು. ಕಾನೂನು ಒಪ್ಪಿದ್ದನ್ನು ವಿಮೆಯವರಿಗೆ ತಿಳಿಸದೆ ಇದ್ದರೆ ಪರಿಹಾರ ಕೈತಪ್ಪಬಹುದು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕನು ಮೂಲತಃ ಸೂಚಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಇಂಧನ ಬದಲಿಸುವ ಅನುಮೋದಿತ ಕಿಟ್‌ಗೆ ಕಾಯ್ದೆಯಲ್ಲಿಯೇ ಅವಕಾಶವಿದೆ. ಅನುಮತಿ ಪಡೆದು ಮಾಡಿಸಿದ ಮಾರ್ಪಾಡನ್ನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸತಕ್ಕದ್ದು. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ 2019ರ ತಿದ್ದುಪಡಿ ಸೇರಿಸಿತು. ಪಿಕಪ್ಪಿನ ಚಾಸಿಯನ್ನು ಉದ್ದ ಮಾಡಿಸುವ, ಜೀಪಿನ ಮೈಕಟ್ಟನ್ನೇ ಬದಲಿಸುವ ಯೋಚನೆ ಇರುವವರು ಇದನ್ನು ಎರಡು ಸಲ ಓದಿರಿ.

ವಿಮೆಯ ಮಟ್ಟಿಗೆ ಹೇಳುವುದಾದರೆ, ಹೊರಗಿನಿಂದ ಹಾಕಿಸಿದ ಬೆಲೆಬಾಳುವ ಜೋಡಣೆ ಮತ್ತು ಗ್ಯಾಸ್ ಕಿಟ್‌ಗಳನ್ನು ಬರಹದಲ್ಲಿ ತಿಳಿಸಿ, ಸ್ವಲ್ಪ ಹೆಚ್ಚುವರಿ ಕಂತು ಕಟ್ಟಿ, ವಿಮಾಪತ್ರದಲ್ಲಿ ನಮೂದು ಮಾಡಿಸಿರಿ.

ವಾರಂಟಿ ನಿರಾಕರಿಸಿದಾಗ ಮಾಡಬೇಕಾದುದು

ಮೊದಲನೆಯದಾಗಿ, ಜಗಳಕ್ಕೆ ನಿಲ್ಲದೆ ಕಾರಣವನ್ನು ಬರಹದಲ್ಲಿ ಕೇಳಿರಿ. ಯಾವ ಭಾಗ ಕೆಟ್ಟಿದೆ, ಯಾವ ಜೋಡಣೆಯಿಂದ, ಹೇಗೆ, ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ನಿರಾಕರಿಸಲಾಗಿದೆ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. "ಮಾಡಿಫಿಕೇಶನ್ ಆಗಿದೆ" ಎಂಬ ಒಂದೇ ಮಾತು ಉತ್ತರವಲ್ಲ.

ಎರಡನೆಯದಾಗಿ, ಕೆಟ್ಟ ಭಾಗದ ಫೋಟೋ ತೆಗೆದಿಡಿರಿ. ಹಣ ಕೊಟ್ಟು ಬದಲಾಯಿಸಿಕೊಂಡಿರಾದರೆ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಅದೇ ನಿಮ್ಮ ಮುಖ್ಯ ಸಾಕ್ಷಿ.

ಮೂರನೆಯದಾಗಿ, ಕಂಪನಿಯ ಗ್ರಾಹಕ ವಿಭಾಗಕ್ಕೆ ಪತ್ರ ಬರೆದು ಪ್ರತಿಯನ್ನು ಇಟ್ಟುಕೊಳ್ಳಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಾಲ್ಕನೆಯದಾಗಿ, ಇದಾವುದರಿಂದಲೂ ಫಲ ಸಿಗದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ. ಕಂಪನಿ ಯಾವ ಊರಿನಲ್ಲಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ. ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂ., 10ರಿಂದ 20 ಲಕ್ಷಕ್ಕೆ 400 ರೂ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡತಕ್ಕದ್ದು.

ಪಿಕಪ್ ವಾಹನ ವ್ಯಾಪಾರದ್ದು, ಆದ್ದರಿಂದ ನೀವು ಗ್ರಾಹಕರಲ್ಲ ಎಂದು ಯಾರಾದರೂ ಹೇಳಿದರೆ ಹಿಂದೆ ಸರಿಯಬೇಡಿರಿ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ತಾನೇ ಬಳಸುವ ವಸ್ತುವನ್ನು ಕಾಯ್ದೆಯು ವ್ಯಾಪಾರದ ಉದ್ದೇಶವೆಂದು ಎಣಿಸುವುದಿಲ್ಲ.

ಆಯೋಗದ ಮುಂದೆ ತಯಾರಿಕೆಯ ದೋಷವನ್ನು ತೋರಿಸಿಕೊಡುವ ಭಾರ ಸಾಮಾನ್ಯವಾಗಿ ದೂರುದಾರನ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಯಬಾರದು. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದರ ಶುಲ್ಕವನ್ನು ನೀವು ಕಟ್ಟಬೇಕಾಗಬಹುದು. ದೋಷದಿಂದ ಅಪಘಾತವೇ ಆಗಿ ಹಾನಿ ಸಂಭವಿಸಿದಾಗ ವಿಷಯ ಇನ್ನೂ ಗಂಭೀರ. ಹಾನಿಯಾದ ಸಮಯದಲ್ಲಿ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲದೆಂದು ಅದೇ ಕಾಯ್ದೆಯ 87ನೆಯ ಕಲಮು ಹೇಳುತ್ತದೆ.

ನೆನಪಿಡಬೇಕಾದ ಅಂಶಗಳು

1. ಜೋಡಣೆ ಮಾಡಿಸುವ ಮೊದಲು ವಾರಂಟಿ ಪುಸ್ತಕದಲ್ಲಿ "ಇವು ವಾರಂಟಿಗೆ ಒಳಪಡುವುದಿಲ್ಲ" ಎಂಬ ಪುಟವನ್ನು ಓದಿರಿ. ಇಂಗ್ಲಿಷಿನಲ್ಲಿದ್ದರೆ ಮನೆಯ ಮಕ್ಕಳಿಂದ ಓದಿಸಿ ತಿಳಿದುಕೊಳ್ಳಿರಿ.

2. ಷೋರೂಮಿನಲ್ಲಿ ಹಾಕಿಸಿದ್ದೆಲ್ಲ ಕಂಪನಿಯದಲ್ಲ. ಬಿಲ್ಲಿನಲ್ಲಿ ಕಂಪನಿಯ ಬಿಡಿಭಾಗದ ಸಂಖ್ಯೆ ಇದೆಯೇ ಎಂದು ನೋಡಿರಿ. "ಇದರಿಂದ ವಾರಂಟಿಗೆ ತೊಂದರೆಯಿಲ್ಲ" ಎಂಬ ಬಾಯಿಮಾತನ್ನು ಬಿಲ್ಲಿನ ಮೇಲೆ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿರಿ.

3. ಎಂಜಿನ್, ಬ್ರೇಕ್, ಸ್ಟೀರಿಂಗ್, ಗಾಳಿಚೀಲ ಮತ್ತು ಮೂಲ ವೈರಿಂಗ್, ಈ ಐದನ್ನು ವಾರಂಟಿ ಇರುವಷ್ಟು ಕಾಲ ಮುಟ್ಟಿಸಬೇಡಿರಿ.

4. ತೆಗೆದ ಮೂಲ ಭಾಗವನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿರಿ.

5. ಕಾಲಕಾಲದ ಸರ್ವಿಸನ್ನು ತಪ್ಪಿಸಬೇಡಿರಿ. ಹೊರಗೆ ಎಣ್ಣೆ ಬದಲಿಸಿದ್ದರೆ ಎಣ್ಣೆಯ ದರ್ಜೆ, ದಿನಾಂಕ, ಕಿಲೋಮೀಟರ್ ಇರುವ ಬಿಲ್ಲನ್ನು ಇಟ್ಟುಕೊಳ್ಳಿರಿ.

6. ಎಲ್ಲ ಕಾಗದಗಳನ್ನೂ ಒಂದೇ ಫೈಲಿನಲ್ಲಿ, ಗೆದ್ದಲು ಮತ್ತು ತೇವ ತಾಗದ ಕಡೆ ಇಡಿರಿ.

ಬೆಳ್ತಂಗಡಿ ಕಡೆಯ ಆ ರೈತರನ್ನು ಮುಂದಿನ ಶಿಬಿರದಲ್ಲಿ ಭೇಟಿಯಾದಾಗ ಈ ವಿಷಯಗಳನ್ನು ವಿವರಿಸಿದೆ. ಹಳೆಯ ಆಲ್ಟರ್‌ನೇಟರ್ ಎಲ್ಲಿದೆ ಎಂದು ಕೇಳಿದೆ. "ಅದನ್ನು ಅಲ್ಲಿಯೇ ಬಿಟ್ಟು ಬಂದೆ ಡಾಕ್ಟ್ರೇ" ಎಂದರು. ಜಾಬ್ ಕಾರ್ಡೂ ಇರಲಿಲ್ಲ. ಎರಡು ವರ್ಷದ ಗಡುವು ಇನ್ನೂ ಮುಗಿದಿರಲಿಲ್ಲ, ಆದರೆ ತೋರಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಮಣ್ಣು ಪರೀಕ್ಷೆಯ ಚೀಟಿಯನ್ನು ಜೋಪಾನ ಮಾಡುವ ನೀವು ವಾಹನದ ಕಾಗದಗಳಿಗೂ ಅಷ್ಟೇ ಜಾಗ ಕೊಡಿರಿ. ಇಂದು ಸಂಜೆಯೇ ವಾರಂಟಿ ಪುಸ್ತಕವನ್ನು ಹುಡುಕಿ ತೆಗೆದು, ಖರೀದಿಯ ದಿನಾಂಕವನ್ನೂ ವಾರಂಟಿ ಮುಗಿಯುವ ದಿನಾಂಕವನ್ನೂ ಅದರ ಮೇಲ್ಪುಟದಲ್ಲಿ ದೊಡ್ಡದಾಗಿ ಬರೆದಿಡಿರಿ.